ಹಾಲಿಗೆ ಅಂಗೈ ನೀರು

ಇದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಅಪ್ಪ ಅವ್ವನ ಬಾಯಿಗೆ ಹಾಲು ಸುರಿದದ್ದು ಹಿತ್ತಾಳೆಯ ಚೊಂಬಿನಿಂದಲೋ ಸ್ಟೀಲಿನದರಿಂದಲೋ, ಖಚಿತವಿಲ್ಲ. ನನ್ನ ಕಣ್ಣಿಗೆ ಹಿತ್ತಾಳೆಯದೇ ಕಾಣುತ್ತದೆ. ಆ ಚೊಂಬನ್ನು ಅಷ್ಟು ಹೊತ್ತಿಗೆ ಪಾತ್ರೆಯವನಿಗೆ ಹಾಕಿಯಾಗಿತ್ತು ಎನ್ನುತ್ತಾಳೆ ಅವ್ವ. ಹಾಲು ಕುದಿಯುತ್ತಿತ್ತು ಎಂದು ನಾನು, ಉಗುರುಬೆಚ್ಚಗಿತ್ತು ಎಂದು ಅವಳು. ಅವಳ ಕೆಳತುಟಿಯಿಂದ ಗಲ್ಲದವರೆಗೆ ಇಳಿದಿರುವ ಬಿಳಿಚಿದ ಕಲೆ ಮಾತ್ರ ನನ್ನ ಪರವಾಗಿದೆ.

ನಾನಾಗ ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಎಂ.ಎ. ಓದುತ್ತಿದ್ದೆ. ದಿನಚರಿ ಬರೆಯುವ ಅಭ್ಯಾಸ ಆಗಲೇ ಇತ್ತು. ಆ ದಿನದ ಪುಟದಲ್ಲಿ ಬರೆದಿರುವುದು ಇಷ್ಟೇ: ‘ಊರಿಗೆ ಬಂದೆ. ಬಿಸಿಲು.’ ಉಳಿದದ್ದನ್ನೆಲ್ಲ ನಾನು ಆಮೇಲೆ ಕಟ್ಟಿಕೊಂಡಿದ್ದೇನೆಯೇ ಎಂಬ ಅನುಮಾನ ನನಗೇ ಇದೆ.

ನಮ್ಮೂರು ಗುಂಡ್ಲುಪೇಟೆಯಿಂದ ಭೀಮನಬೀಡಿನ ಕಡೆಗೆ ಹೋಗುವ ದಾರಿಯಲ್ಲಿದೆ. ಅರಿಶಿನ, ರಾಗಿ, ಹಟ್ಟಿ ತುಂಬ ಹಸು. ಅಪ್ಪ ಊರಿನ ಹಾಲಿನ ಸೊಸೈಟಿಯ ಸೆಕ್ರೆಟರಿ. ಹೊತ್ತಾರೆ, ಬೈಗು ಎರಡು ಹೊತ್ತೂ ಜನ ತರುವ ಹಾಲನ್ನು ಪರೀಕ್ಷೆ ಮಾಡುವವನೂ ಅವನೇ. ಲ್ಯಾಕ್ಟೋಮೀಟರ್ ಎಂಬ ಗಾಜಿನ ಬುರುಡೆಯನ್ನು ಹಾಲಿನೊಳಗೆ ಬಿಡುತ್ತಿದ್ದ. ಗಟ್ಟಿ ಹಾಲಾದರೆ ಅದು ತೇಲುತ್ತದೆ, ನೀರು ಬಿದ್ದಿದ್ದರೆ ಮುಳುಗುತ್ತದೆ. ಮುಳುಗಿತೋ, ಅಪ್ಪನ ಕೈ ಏಳುತ್ತಿತ್ತು. ಒಮ್ಮೆ ಕೆಳಗಲ ಬೀದಿಯ ಒಬ್ಬನ ಕ್ಯಾನನ್ನು ಒದ್ದು ಉರುಳಿಸಿ, ಬಗ್ಗಿ ಎತ್ತಿಕೊಳ್ಳಲು ಹೋದವನ ಕಿವಿಯ ಮೇಲೆ ಹೊಡೆದ. ಆ ಮನುಷ್ಯ ಹಾಲಿನ ಕೆಸರಿನಲ್ಲಿ ಮಂಡಿಯೂರಿ ಕೂತಿದ್ದ. ಕಿವಿಯಿಂದ ಸಣ್ಣಗೆ ರಕ್ತ ಬರುತ್ತಿತ್ತು. ನಾಯಿಗಳು ಹಾಲು ನೆಕ್ಕಲು ಅವನ ಸುತ್ತ ಬಂದವು. ಸಾಲಿನಲ್ಲಿ ನಿಂತವರು ತಮ್ಮ ತಮ್ಮ ಕ್ಯಾನು ಹಿಡಿದು ಒಂದು ಹೆಜ್ಜೆ ಮುಂದೆ ಸರಿದರು.

ಅಂಥ ಅಪ್ಪ ಒಂದು ಬೇಸಿಗೆಯಲ್ಲಿ ಇಳಿದುಹೋದ. ಅಂಗಿ ಜೋತಾಡತೊಡಗಿತು, ಎಷ್ಟು ನೀರು ಕುಡಿದರೂ ಬಾಯಾರಿಕೆ ತೀರುತ್ತಿರಲಿಲ್ಲ. ಚಾಮರಾಜನಗರಕ್ಕೆ ಕರೆದುಕೊಂಡು ಹೋದೆವು. ಆಗ ಅದಿನ್ನೂ ಜಿಲ್ಲೆಯಾಗಿರಲಿಲ್ಲ, ಆದರೂ ನಮಗೆ ಒಳ್ಳೆಯ ಡಾಕ್ಟರು ಅಂದರೆ ಅಲ್ಲಿಯವರೇ. ರಕ್ತ ನೋಡಿ ಸಕ್ಕರೆ ಕಾಯಿಲೆ ಎಂದರು. ಏನೇನು ತಿನ್ನುತ್ತೀರಿ ಎಂದು ಕೇಳುತ್ತ ಹಾಲಿಗೆ ಬಂದರು.

“ಹಾಲು ಎಷ್ಟು ಕುಡೀತೀರಿ?”

“ಹೊತ್ತಾರೊಂದು ಚೊಂಬು, ಬೈಗೊಂದು ಚೊಂಬು. ಬೆಲ್ಲ ಹಾಕ್ಕಂಡು.”

“ಚೊಂಬು ಅಂದ್ರೆ ಎಷ್ಟು?”

ಅಪ್ಪ ಎರಡು ಕೈಯಲ್ಲೂ ತೋರಿಸಿದ. ಡಾಕ್ಟರು ಪೆನ್ನು ಕೆಳಗಿಟ್ಟರು. ದಿನಕ್ಕೆ ಒಂದು ಲೋಟ ಸಾಕು, ಅದೂ ಕೆನೆ ತೆಗೆದದ್ದು, ಬೆಲ್ಲ ಸಕ್ಕರೆ ಎರಡೂ ಬೇಡ ಎಂದರು. ಮೊಸರಿಗಿಂತ ನೀರು ಮಜ್ಜಿಗೆ ವಾಸಿ ಎಂದರು.

“ಸಕ್ಕರೆ ಬುಟ್ಬುಡ್ತಿನಿ ಡಾಕ್ಟ್ರೆ. ಹಾಲಲ್ಲಿ ಸಕ್ಕರೆ ಎಲ್ಲದ್ದು? ನಮ್ಮ ಹಸ ತಿನ್ನದು ಹುಲ್ಲು.”

“ಹಾಲಿಗೆ ಅದರದೇ ಸಕ್ಕರೆ ಇದೆ ಯಜಮಾನ್ರೇ. ಕುಡೀಲೇಬೇಡಿ ಅಂತಿಲ್ಲ, ಅಳತೆ ಇರಲಿ. ಹಾಲನ್ನೂ ಊಟ ಅಂತಲೇ ಲೆಕ್ಕ ಹಿಡೀರಿ. ಹಾಲು ಕುಡಿದ ಹೊತ್ತಿಗೆ ಮುದ್ದೆ ಚಿಕ್ಕದಾಗ್ಲಿ.”

ಅಪ್ಪ ತಲೆಯಾಡಿಸಿದ. ಬಸ್ ಸ್ಟ್ಯಾಂಡಿಗೆ ಬಂದವನೇ ಹೋಟೆಲಿಗೆ ನುಗ್ಗಿ ಒಂದು ದೊಡ್ಡ ಲೋಟ ಹಾಲು ತರಿಸಿದ. “ಅವ್ನು ಪ್ಯಾಕೆಟ್ ಹಾಲು ಕುಡ್ದು ಬೆಳ್ದವ್ನು ಕಣಮ್ಮಿ, ಅವ್ನಿಗೇನ್ ಗೊತ್ತು,” ಎಂದು ನನಗೆ ಹೇಳಿ, ಮೀಸೆಗೆ ಅಂಟಿದ ನೊರೆ ಒರೆಸಿಕೊಂಡ. ಅವ್ವ ನಗಲಿಲ್ಲ. ಅವಳ ಅಣ್ಣನಿಗೆ ಇದೇ ಕಾಯಿಲೆಯಲ್ಲಿ ಕಣ್ಣು ಹೋಗಿತ್ತು. ಗೋಡೆ ಸವರಿಕೊಂಡು ಹಿತ್ತಲಿಗೆ ಹೋಗುವ ಅವನನ್ನು ಅವಳು ನೋಡಿದ್ದಳು.

ಮಾರನೆಯ ದಿನ ಅವ್ವ ಚೊಂಬಿನ ಬದಲು ಒಂದು ಲೋಟದಲ್ಲಿ ಹಾಲು ತಂದಿಟ್ಟಳು. ಅಪ್ಪ ಅದನ್ನು ಗೋಡೆಗೆ ಬೀಸಿದ. ಉರುಳಿ ಬಂದ ಲೋಟವನ್ನು ಎತ್ತಿಕೊಂಡು ಅದರಿಂದಲೇ ಅವಳ ಭುಜಕ್ಕೆ ಹೊಡೆದ. “ನನ್ನ ಹಟ್ಟಿ, ನನ್ನ ಹಸ. ನಂಗೇ ಅಳ್ದು ಹುಯ್ತಿಯಾ?” ಬೈಗಿಗೆ ಚೊಂಬು ವಾಪಸು ಬಂತು, ತುಂಬಿಕೊಂಡೇ ಬಂತು. ಅಪ್ಪ ಗೆದ್ದೆನೆಂದುಕೊಂಡ. ನಾನೂ ಹಾಗೇ ತಿಳಿದು ಮೈಸೂರಿನ ಬಸ್ಸು ಹತ್ತಿದೆ.

ಅವ್ವ ಮಾಡಿದ್ದೇನೆಂದು ಹೇಳುವ ಮೊದಲು ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಹಾಲನ್ನು ಬರಿದೇ ಒಲೆಯ ಮೇಲೆ ಇಡುವುದಿಲ್ಲ. ಮೊದಲು ಅಂಗೈಯಲ್ಲಿ ಒಂದಿಷ್ಟು ನೀರು ತೆಗೆದು ಅದಕ್ಕೆ ಹಾಕಬೇಕು. ಹಾಕದಿದ್ದರೆ ಹಸುವಿನ ಕೆಚ್ಚಲು ಸುಡುತ್ತದೆ ಎನ್ನುತ್ತಾರೆ. ಊರವರ ಹಾಲಿನ ನೀರಿಗೆ ಕೈ ಎತ್ತುತ್ತಿದ್ದ ಅಪ್ಪ ಕೂಡ ಈ ನೀರಿಗೆ ಏನೂ ಅನ್ನುತ್ತಿರಲಿಲ್ಲ, ಅವನ ತಾಯಿಯೂ ಹಾಕುತ್ತಿದ್ದಳು. ಅವ್ವ ಬಚ್ಚಿಟ್ಟುಕೊಂಡಿದ್ದು ಆ ಅಂಗೈ ನೀರಿನೊಳಗೆ. ಅಂಗೈ ಬೊಗಸೆಯಾಯಿತು, ಬೊಗಸೆ ಲೋಟವಾಯಿತು. ಅಪ್ಪ ಒಲೆಯ ಮುಂದೆಯೇ ಕೂತಿದ್ದರೂ ಅವನಿಗೆ ಬೆನ್ನು ಮಾಡಿ ಹಾಕುತ್ತಿದ್ದಳಂತೆ. ಜೊತೆಗೆ ಡಾಕ್ಟರು ಹೇಳಿದಂತೆ ಕೆನೆಯನ್ನೂ ತೆಗೆಯುತ್ತಿದ್ದಳು. ಹಾಕುವ ಬೆಲ್ಲವೂ ದಿನದಿನಕ್ಕೂ ಕಮ್ಮಿಯಾಯಿತು.

ಕೆನೆ ತೆಗೆದ ಹಾಲಿಗೆ ಹದವಾಗಿ ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಮೋಸಹೋಗುತ್ತದೆ. ಕೆನೆ ಹೋದ ಹಾಲು ಇನ್ನೂ ಗಟ್ಟಿ ಅಂತ ತೋರಿಸುತ್ತದೆ, ನೀರು ಅದನ್ನು ಸರಿಗೆ ತರುತ್ತದೆ. ಇದು ಕಳ್ಳರ ಕಸುಬು ಎಂದು ಅಪ್ಪ ಸೊಸೈಟಿಯಲ್ಲಿ ಊರವರಿಗೂ, ಮನೆಯಲ್ಲಿ ಮುದ್ದೆ ಮುರಿಯುತ್ತ ನಮಗೂ ಎಷ್ಟು ಸಲ ವಿವರಿಸಿದ್ದನೋ. ಅವ್ವ ಬಡಿಸುತ್ತ ಕೇಳಿಸಿಕೊಂಡಿದ್ದಳು.

ಮುಂದಿನ ಸಲ ಚಾಮರಾಜನಗರಕ್ಕೆ ಹೋದಾಗ ರಕ್ತದಲ್ಲಿ ಸಕ್ಕರೆ ಇಳಿದಿತ್ತು. ಅದರ ಮುಂದಿನ ಸಲ ಇನ್ನಷ್ಟು. ಮಾತ್ರೆಯೂ ಕಾರಣವಿರಬೇಕು, ನೀರಿನದೇ ಪೂರಾ ಪವಾಡ ಎಂದು ನಾನು ಹೇಳಲಾರೆ. ಅಪ್ಪ ಮಾತ್ರ ಊರೆಲ್ಲ ಹೇಳಿಕೊಂಡು ತಿರುಗಿದ: “ಎರಡೊತ್ತೂ ಚೊಂಬ್ ತುಂಬ ಕುಡ್ಕಂಡೇ ಇಳ್ಸಿವ್ನಿ ಕಣ್ಲಾ. ಡಾಕ್ಟ್ರಂತೆ ಡಾಕ್ಟ್ರು!”

ಹೊತ್ತಾರೆಯ ಚೊಂಬನ್ನು ಅವನು ಸೊಸೈಟಿಗೇ ಒಯ್ಯುತ್ತಿದ್ದ, ಹಾಲು ಅಳೆದು ಮುಗಿಸಿ ಕುಡಿಯಲು. ಮುಂದೆ ಅಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಹಲವರ ಬಾಯಲ್ಲಿ ಕೇಳಿ ಕೇಳಿ ಕಂಡಂತೆಯೇ ಆಗಿದೆ.

ಅವತ್ತು, ಹಿಂದೆ ಕಿವಿಗೆ ಪೆಟ್ಟು ತಿಂದಿದ್ದವನ ಹಾಲನ್ನು ಅಪ್ಪ ಮತ್ತೆ ತಳ್ಳಿದ. ಅವನು ಈ ಸಲ ಬಗ್ಗಲಿಲ್ಲ. “ನಮ್ದೇ ನೋಡ್ತಿರಲ್ಲ ಸೆಕ್ರೆಟ್ರಿ, ನಿಮ್ ಚೊಂಬ್ನೂ ಒಂದ್ಸತಿ ನೋಡ್ಬುಡಿ,” ಎಂದ.

“ನೋಡ್ಲಾ, ಕಣ್ ಬುಟ್ಕಂಡ್ ನೋಡು,” ಎಂದ ಅಪ್ಪ ಆರಿದ ಹಾಲಿಗೆ ಬುರುಡೆ ಬಿಟ್ಟ. ಸರಿಯಾಗಿ ತೇಲಿತು. ಅಪ್ಪ ತೊಡೆ ತಟ್ಟಿಕೊಂಡು ನಕ್ಕ.

“ಅದೇನ್ ಬುಡಿ, ನೀವೇ ಹೇಳಿದ್ರಲ್ಲ ಅದ್ಕೆ ಟೋಪಿ ಹಾಕ್ಬೋದು ಅಂತ. ಫ್ಯಾಟೂ ಆಗೋಗ್ಲಿ.”

ಫ್ಯಾಟು ನೋಡುವುದೆಂದರೆ ಗಾಜಿನ ಕೊಳವೆಯಲ್ಲಿ ಹಾಲಿಗೆ ಆಸಿಡ್ ಸೇರಿಸಿ ಕೈಯಂತ್ರದಲ್ಲಿ ಗಿರಗಿರ ತಿರುಗಿಸುವುದು. ಹಾಲು ಸುಟ್ಟು ಕಪ್ಪಾಗುತ್ತದೆ, ಕೊಬ್ಬು ಹಳದಿ ಪಟ್ಟೆಯಾಗಿ ಮೇಲೆ ನಿಲ್ಲುತ್ತದೆ. ಅಪ್ಪನ ಅಂಗಿಗಳಲ್ಲೆಲ್ಲ ಆ ಆಸಿಡ್ಡಿನ ತೂತುಗಳಿದ್ದವು. ಅವತ್ತು ಕೊಳವೆಯಲ್ಲಿ ಪಟ್ಟೆಯೇ ಇಲ್ಲ, ನೂಲಿನಂಥ ಗೆರೆ. ಅಪ್ಪ ಕೊಳವೆಯನ್ನು ಬಿಸಿಲಿಗೆ ಹಿಡಿದು ನೋಡಿದ. ಎಲ್ಲರೂ ನೋಡಿದರು.

“ಒದ್ದು ಚೆಲ್ಲಿ ಸೆಕ್ರೆಟ್ರಿ, ಯಾಕ್ ಸುಮ್ಕ್ ನಿಂತ್ಕಂಡ್ರಿ? ನಮ್ಮವಾದ್ರೆ ಚೆಲ್ತಿರಿ,” ಎಂದ ಆತ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು.

ನಾನು ಅವತ್ತೇ ಊರಿಗೆ ಬಂದಿದ್ದೆ. ಚೀಲ ಇಳಿಸಿ ನಡುಮನೆಯಲ್ಲಿ ಕೂತಿದ್ದೆ. ಅಪ್ಪ ಚಪ್ಪಲಿ ಸಮೇತ ಅಡುಗೆಮನೆಗೆ ಹೋದ. ಅವನು ಹಾಗೆಂದೂ ಹೋದವನಲ್ಲ. ಅವ್ವ ಒಲೆಯ ಮುಂದಿದ್ದಳು, ಹಾಲು ಕಾಯುತ್ತಿತ್ತು.

“ಎಷ್ಟ್ ದಿನದಿಂದ?”

ಅವ್ವ ಸೌದೆಯನ್ನು ಒಲೆಯೊಳಕ್ಕೆ ತಳ್ಳಿದಳು.

“ಊರೋರ್ ಮುಂದೆ ನನ್ ಮಾನ ತಗ್ದ್ಬುಟ್ಟಲ್ಲೇ. ಎಷ್ಟ್ ದಿನದಿಂದ ಹುಯ್ತಿದ್ದೆ ನೀರ?”

“ನಿಮ್ ಕಣ್ ಉಳೀಲಿ ಅಂತ,” ಎಂದಳು ಅವ್ವ. ಇಷ್ಟು ಮಾತ್ರ ನನಗೆ ಅಕ್ಷರ ಬಿಡದೆ ನೆನಪಿದೆ.

ಅವನು ಅವಳ ಜಡೆ ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ. ಗೂಡಿನಲ್ಲಿದ್ದ ಡಬ್ಬಿಗಳು ಉರುಳಿದವು. ನಾನು ಓಡಿ ಅವನ ಅಂಗಿ ಹಿಡಿದೆಳೆದೆ. ಅಂಗಿ ಆಸಿಡ್ ತೂತಿನಿಂದ ಪರಪರ ಹರಿದು ನನ್ನ ಕೈಗೆ ಬಂತು, ಅವನ ಮೊಣಕೈ ನನ್ನ ಮೂಗಿಗೆ ಬಡಿಯಿತು. ಕಣ್ಣು ಕತ್ತಲಿಟ್ಟು ಹೊಸ್ತಿಲ ಮೇಲೆ ಬಿದ್ದೆ. ನೋಡಿದಾಗ ಅವನು ಮಂಡಿಯಿಂದ ಅವಳ ಎದೆಯನ್ನು ಗೋಡೆಗೆ ಒತ್ತಿ, ಒಂದು ಕೈಯಲ್ಲಿ ದವಡೆ ಅಮುಕಿ ಬಾಯಿ ತೆರೆಸಿದ್ದ. ಇನ್ನೊಂದು ಕೈಯಲ್ಲಿ ಒಲೆಯ ಮೇಲಿನ ಹಾಲನ್ನು ಚೊಂಬಿನಲ್ಲಿ ಮೊಗೆದ. “ನೀನೇ ಕುಡಿ. ಕುಡಿಯೇ.” ಹಾಲು ಬಾಯಿಯಿಂದ, ಗಲ್ಲದಿಂದ, ಕುತ್ತಿಗೆಯಿಂದ ಇಳಿಯಿತು. ಅವ್ವ ಕೂಗಲಿಲ್ಲ, ಬಾಯಿ ತುಂಬಿದ್ದರೆ ಹೇಗೆ ಕೂಗುವುದು. ಗಂಟಲಲ್ಲಿ ಗುಳುಗುಳು ಸದ್ದು ಬಂತು. ನನ್ನ ಮೂಗಿನ ರಕ್ತ ಹೊಸ್ತಿಲ ಅರಿಶಿನದ ಮೇಲೆ ಬೀಳುತ್ತಿತ್ತು. ಚೊಂಬು ಬರಿದಾದ ಮೇಲೆ ಅದರಿಂದಲೇ ಅವಳ ಮಣಿಕಟ್ಟಿಗೆ ಹೊಡೆದ, ನೀರು ಹಾಕಿದ ಕೈಗೆ. ಮೂಳೆ ಮುರಿದ ಸದ್ದು ಕೇಳಿದೆ ಎಂದು ಬಹಳ ವರ್ಷ ನಂಬಿದ್ದೆ. ಬರಿಯ ಊತವಿತ್ತು ಎನ್ನುತ್ತಾಳೆ ಅವ್ವ.

ಗಲ್ಲದ ಬೊಬ್ಬೆ ಒಡೆದು ಆರುವವರೆಗೂ ನಾನು ಊರಲ್ಲೇ ಇದ್ದೆ. ನನ್ನ ಜೊತೆ ಮೈಸೂರಿಗೆ ಬಾ ಎಂದೆ. “ಹಸ ಯಾರ್ ಕರ್ಯರು?” ಎಂದಳು. ಅವತ್ತಿನಿಂದ ಅವಳು ಹಾಲಿಗೆ ನೀರು ಹಾಕಲಿಲ್ಲ. ಕೆಚ್ಚಲಿಗೆಂದು ಹಾಕುತ್ತಿದ್ದ ಅಂಗೈ ನೀರನ್ನೂ ಹಾಕಲಿಲ್ಲ. ಕೆನೆಯನ್ನು ತೆಗೆಯುವುದಿರಲಿ, ಸೌಟಿನಲ್ಲಿ ಒಟ್ಟು ಮಾಡಿ ಅಪ್ಪನ ಚೊಂಬಿಗೇ ಇಳಿಸುತ್ತಿದ್ದಳು. ಬೆಲ್ಲ ಅಚ್ಚುಗಟ್ಟಲೆ ಬಂತು. ಅಪ್ಪ ಖುಷಿಯಾಗಿದ್ದ. “ಒಂದೇಟಿಗೆ ದಾರಿಗೆ ಬಂದ್ಲು ನೋಡು,” ಎಂದು ನನ್ನೆದುರಿಗೇ ಹೇಳಿದ. ಚಾಮರಾಜನಗರಕ್ಕೆ ಹೋಗುವುದನ್ನೂ ನಿಲ್ಲಿಸಿದ. ಮಾತ್ರೆ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮುಂದಿನ ವರ್ಷ ನಾನು ರಜೆಗೆ ಬಂದಿದ್ದಾಗ ಕೆಂದ ಹಸು ಕರು ಹಾಕಿತು. ಮೊದಲ ಹಾಲಿನ ಗಿಣ್ಣನ್ನು ನಮ್ಮಲ್ಲಿ ಮೊದಲು ನೆರೆಮನೆಗಳಿಗೆ ಹಂಚಿ ಆಮೇಲೆ ಮನೆಯವರು ತಿನ್ನುವುದು. ಅವ್ವ ಆ ಸಲ ಮೊದಲ ತಟ್ಟೆಯನ್ನು ಅಪ್ಪನ ಮುಂದಿಟ್ಟಳು. ಬೆಲ್ಲದಿಂದ ಕಂದು ಬಣ್ಣಕ್ಕೆ ತಿರುಗಿದ ಗಿಣ್ಣು, ಏಲಕ್ಕಿಯ ಘಮ. ಅಪ್ಪ ತಿಂದ. “ಸಾಕು ಕಣಮ್ಮಿ,” ಎಂದ. “ಇನ್ನೊಂದ್ ಚೂರು,” ಎಂದು ಅವ್ವ ಹಾಕಿದಳು. ಮತ್ತೆ ಸಾಕೆಂದ, ಮತ್ತೆ ಹಾಕಿದಳು. ಅವನು ತಿನ್ನುವವರೆಗೂ ಮುಂದೆಯೇ ಕೂತಿದ್ದಳು. ಅವ್ವ ಯಾರಿಗೇ ಆದರೂ ಹಾಗೆಯೇ ಒತ್ತಾಯ ಮಾಡಿ ಬಡಿಸುವವಳು. ಹಾಗಿದ್ದರೂ ಆ ದೃಶ್ಯ ನನ್ನನ್ನು ಬಿಟ್ಟಿಲ್ಲ.

ಕೆಲವು ದಿನಗಳ ಮೇಲೆ ಅದೇ ಹಸು ಹಾಲು ಬಿಡದೆ ಸತಾಯಿಸಿತು. ಅಪ್ಪ ಬಾರುಕೋಲಿನಿಂದ ಅದರ ಬೆನ್ನಿಗೆ ಬಾರಿಸಿದ. ಅದು ಹೊರಳಿ ಅವನ ಬರಿಗಾಲಿನ ಮೇಲೆ ಗೊರಸೂರಿ ನಿಂತಿತು. ಅಪ್ಪ ಹೊಡೆಯುತ್ತಲೇ ಇದ್ದ. ಕಾಲ ಬೆರಳು ಜಜ್ಜಿ ಗಂಜಲದ ಕಾಲುವೆಯಲ್ಲಿ ರಕ್ತ ಹರಿಯುತ್ತಿತ್ತು, ಅವನಿಗೆ ಗೊತ್ತೇ ಆಗಿರಲಿಲ್ಲ. ನಾನು ಕೂಗಿ ತೋರಿಸಿದ ಮೇಲೆ ಬಗ್ಗಿ ನೋಡಿದ, ಯಾರದೋ ಕಾಲನ್ನು ನೋಡುವವನ ಹಾಗೆ.

ಗಾಯ ಆರಲಿಲ್ಲ. ಬೆರಳು ಕಪ್ಪಾಯಿತು, ಅಡಿ ಕಪ್ಪಾಯಿತು. ಚಾಮರಾಜನಗರದ ಡಾಕ್ಟರು ಗಾಯದ ಕಟ್ಟು ಬಿಚ್ಚಿಸಿ ನೋಡಿ, ತಡವಾಯಿತು, ಮೈಸೂರಿಗೆ ಕರೆದುಕೊಂಡು ಹೋಗಿ ಎಂದರು. ಆಮೇಲೆ ಅವ್ವನ ಕಡೆ ತಿರುಗಿ, “ಹಾಲು ಎಷ್ಟು ಕೊಡ್ತಿದ್ರಮ್ಮ?” ಎಂದು ಕೇಳಿದರು.

“ಅವ್ರು ಕೇಳ್ದಷ್ಟು,” ಎಂದಳು ಅವ್ವ.

ಹಾಲಿನಿಂದಲೇ ಕಾಲು ಹೋಯಿತೆಂದು ನಾನು ಬರೆಯಲಾರೆ. ಬೀಡಿ ಇತ್ತು, ಬರಿಗಾಲಿತ್ತು, ತಪ್ಪಿಸಿದ ಮಾತ್ರೆಗಳಿದ್ದವು. ಮೈಸೂರಿನಲ್ಲಿ ಮಂಡಿಯ ಕೆಳಗೆ ಕತ್ತರಿಸಿದರು. ಎಚ್ಚರವಾದಾಗ ಅಪ್ಪ ಇಲ್ಲದ ಪಾದ ಉರಿಯುತ್ತಿದೆ ಎಂದು ಬೊಬ್ಬೆ ಹೊಡೆದ, ನರ್ಸನ್ನು ತಳ್ಳಿದ, ಅವ್ವನನ್ನು ಹತ್ತಿರ ಕರೆದು ಕೆನ್ನೆಗೆ ಹೊಡೆದ. ಅವಳು ಹೊಡೆಸಿಕೊಂಡು ಹೊರಗೆ ಬಂದಳು.

ವರಾಂಡದ ಬೆಂಚಿನ ಮೇಲೆ ಅವಳ ಪಕ್ಕ ಕೂತೆ. ಕೆನ್ನೆಯ ಮೇಲೆ ಬೆರಳಚ್ಚು ಏಳುತ್ತಿತ್ತು, ಅದರ ಕೆಳಗೆ ಹಳೆಯ ಕಲೆ. ಅವಳು ಫ್ಲಾಸ್ಕಿನ ಮುಚ್ಚಳವನ್ನು ಸೆರಗಿನಿಂದ ಒರೆಸುತ್ತಿದ್ದಳು. ಅಲ್ಲಿ ಕೇಳಿದ್ದನ್ನು ಅಪ್ಪ ತೀರಿಕೊಂಡ ಮೇಲೆ ಇನ್ನೊಮ್ಮೆ ಕೇಳಿದೆ. ಎರಡು ಸಲವೂ ಅವಳು ನನ್ನ ಮುಖವನ್ನು ನೋಡಿ, ಕೈಯಲ್ಲಿದ್ದ ಕೆಲಸಕ್ಕೆ ಮರಳಿದಳು.

“ಅವ್ವ, ಅವತ್ತಿಂದ ಆ ಅಂಗೈ ನೀರ್ನೂ ಯಾಕವ್ವ ನಿಲ್ಲಿಸ್ದೆ? ಅಪ್ಪನ್ಗೆ ಹೆದ್ರಿನಾ, ಇಲ್ಲ ಬೇಕು ಅಂತ್ಲೇನಾ?”