ಮಡಿಸುವ ಯಂತ್ರದ ಮಣಿಕಟ್ಟು

ಇಪ್ಪತ್ತೆರಡು ವರ್ಷ ಲಾಂಡ್ರಿಯಲ್ಲಿ ಬಟ್ಟೆ ಮಡಿಸಿದ ಆಕೆಯನ್ನು ಎಲ್ಲರೂ ಮಡಿಕೆ ಅಕ್ಕ ಎಂದೇ ಕರೆಯುತ್ತಿದ್ದರು. ಮಡಿಸುವ ಮುನ್ನ ಜೇಬನ್ನು ಎರಡು ಸಲ ತಟ್ಟಿ ನೋಡುವುದು ಅವಳ ಅಭ್ಯಾಸ. ಹಿಂದೊಮ್ಮೆ ಯಾರೋ ಮರೆತ ಪೆನ್ನು ಕಟ್ಟಿನೊಳಗೆ ಸೋರಿ ಒಂಬತ್ತು ಬಿಳಿ ಅಂಗಿಗಳು ನೀಲಿಯಾಗಿದ್ದವು. ಅಂದಿನಿಂದ ಒಂದು ಜೇಬನ್ನೂ ಬಿಟ್ಟವಳಲ್ಲ.

ಈಗ ಅವಳು ಬಟ್ಟೆ ಮುಟ್ಟುವುದಿಲ್ಲ. ಅಂಗಡಿಯ ಮುಂಭಾಗದ ಗಾಜಿನ ಪೆಟ್ಟಿಗೆಯಲ್ಲಿ ಎರಡು ಲೋಹದ ಕೈಗಳು ಮಡಿಸುತ್ತವೆ. ‘ತಾನೇ ಕಲಿತ ಯಂತ್ರ’ ಎಂದು ಮೇಲೊಂದು ಫಲಕ. ಗೋಡೆಯ ಹಿಂದೆ, ಕಿಟಕಿಯಿಲ್ಲದ ಕೋಣೆಯಲ್ಲಿ, ಕಣ್ಣಿಗೆ ಪುಟ್ಟ ಪರದೆ ಕಟ್ಟಿಕೊಂಡು, ತಂತಿ ಜೋಡಿಸಿದ ಕೈಗವಸು ತೊಟ್ಟು ಅಕ್ಕ ಗಾಳಿಯಲ್ಲಿ ಕೈಯಾಡಿಸುತ್ತಾಳೆ. ಇಲ್ಲಿ ಅವಳ ಬೆರಳು ಬಾಗಿದರೆ ಅಲ್ಲಿ ಲೋಹದ ಬೆರಳು ಬಾಗುತ್ತದೆ. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು. ಯಾರಿಗೂ ಹೇಳುವುದಿಲ್ಲವೆಂದು ಸಹಿ ಹಾಕಿಸಿಕೊಂಡಿದ್ದರಿಂದ ಮನೆಯಲ್ಲೂ ಬಾಯಿ ಬಿಡುವಂತಿರಲಿಲ್ಲ.

“ನೋಡಿದ್ರಾ ಅತ್ತಿಗೆ, ಇನ್ನು ನಿಮ್ಮಂಥೋರಿಗೆ ಕೆಲಸ ಇಲ್ಲ ಬಿಡಿ,” ಎಂದು ನಾದಿನಿ ಜಾಹೀರಾತು ತೋರಿಸಿ ನಕ್ಕಾಗ ಅವಳೂ ನಕ್ಕಿದ್ದಳು.

ದಿನಕ್ಕೆ ಆರುನೂರು ಮಡಿಕೆ. ಬಲ ಮಣಿಕಟ್ಟು ಊದಿತು. ಟೇಪು ಹಿಡಿದು ಅಳೆದಳು: ಎಡಗೈಗಿಂತ ಎರಡು ಸೆಂಟಿಮೀಟರ್ ಹೆಚ್ಚು. ಮೂರು ದಿನ ಕೈ ಅಲ್ಲಾಡಿಸಬೇಡಿ, ಇಲ್ಲದಿದ್ದರೆ ಬೆರಳು ಮಡಚಲೂ ಆಗದ ಹಾಗಾಗುತ್ತದೆ ಎಂದರು ಡಾಕ್ಟರು. ಅವಳು ರಜೆ ಚೀಟಿ ಬರೆದುಕೊಟ್ಟಳು.

“ಯಂತ್ರಕ್ಕೆ ರಜೆ ಕೊಟ್ರೆ ಜನ ನಗಲ್ವಾ?” ಮ್ಯಾನೇಜರ್ ಚೀಟಿಯನ್ನು ಹಿಂದಕ್ಕೆ ತಳ್ಳಿದ. “ನಾಳೆ ಯಂತ್ರ ನೋಡೋಕೆ ದೊಡ್ಡ ಗಿರಾಕಿ ಬರ್ತಾರೆ, ಹೇಗೋ ಸುಧಾರಿಸ್ಕೊಳ್ಳಿ.”

ಮರುದಿನ ಗಿರಾಕಿ ಬಂದ. ಪರೀಕ್ಷೆಗೆಂದು ಕನ್ನಡಕವನ್ನು ಜೇಬಿಗೆ ಸೇರಿಸಿ, ತನ್ನ ಕೋಟನ್ನೇ ಕಳಚಿ ಪೆಟ್ಟಿಗೆಯೊಳಗೆ ಇಟ್ಟ. ಲೋಹದ ಕೈ ಜೇಬನ್ನು ಎರಡು ಸಲ ತಟ್ಟಿತು, ಒಳಗಿನಿಂದ ಕನ್ನಡಕವನ್ನು ಮೆಲ್ಲಗೆ ಎತ್ತಿತು. ನೆರೆದವರೆಲ್ಲ ಚಪ್ಪಾಳೆ ತಟ್ಟಿದರು.

“ಇದನ್ನ ಯಾರು ಹೇಳ್ಕೊಟ್ರು?” ಎಂದ ಗಿರಾಕಿ.

“ಯಾರೂ ಇಲ್ಲ ಸಾರ್. ಅದೇ ಕಲಿತಿದ್ದು.”

ಈ ಮಾತು ಗೋಡೆಯ ಹಿಂದೆ ಕುಳಿತವಳ ಕಿವಿಗೂ ಬಿತ್ತು. ಒಂಬತ್ತು ಅಂಗಿಗಳ ಬೈಗುಳ ತಿಂದವಳು ಯಾರು, ಕಲಿತವರು ಯಾರು! ಅಕ್ಕ ಕೈಗವಸು ಕಳಚಿ ಮೇಜಿನ ಮೇಲಿಟ್ಟಳು. ಅಲ್ಲಿ ಕೈಗಳು ಇದ್ದಲ್ಲೇ ನಿಂತವು, ಮುಷ್ಟಿಯೊಳಗೆ ಕನ್ನಡಕ.

ಮ್ಯಾನೇಜರ್ ಓಡಿಬಂದ. “ಏನಮ್ಮಾ ಇದು? ಹಾಕ್ಕೊಳ್ಳಿ ಬೇಗ!”

“ನಾನ್ಯಾಕೆ? ಅದೇ ಕಲಿತಿದ್ಯಲ್ಲ, ಬಿಡಿಸ್ಕೊಳ್ಳಲಿ.”

ಕನ್ನಡಕವಿಲ್ಲದೆ ಮೆಟ್ಟಿಲೂ ಕಾಣದ ಗಿರಾಕಿ ಗೋಡೆ ತಡವುತ್ತಾ ಹಿಂದೆಯೇ ಬಂದು ಬಾಗಿಲಲ್ಲಿ ನಿಂತ. ಹತ್ತಿರ ಬಗ್ಗಿ ತಂತಿಗಳನ್ನು ನೋಡಿದ, ಊದಿದ ಕೈ ನೋಡಿದ. “ಓಹೋ,” ಎಂದ.

ಅಕ್ಕ ನಿನ್ನೆಯ ಚೀಟಿಯನ್ನೇ ಮ್ಯಾನೇಜರನ ಮುಂದಿಟ್ಟಳು. ಸಹಿ ಬಿದ್ದ ಮೇಲೆ ಒಂದೇ ಒಂದು ಗವಸು ತೊಟ್ಟು, ಬೆರಳು ಬಿಡಿಸಿ, ಕನ್ನಡಕವನ್ನು ಕೋಟಿನ ಮೇಲೆ ಇಳಿಸಿದಳು.

ಮರುದಿನ ನಾದಿನಿ ಸುದ್ದಿ ತಂದಳು. “ಅತ್ತಿಗೆ, ಆ ಯಂತ್ರ ಕೆಟ್ಟುಹೋಗಿದ್ಯಂತೆ! ಮೂರು ದಿನ ರಿಪೇರಿ ಅಂತ ಬೋರ್ಡು ಹಾಕಿದ್ದಾರೆ.”

“ಕೆಟ್ಟಿಲ್ಲ ಕಣೇ,” ಎಂದಳು ಅಕ್ಕ, ಕೈಯನ್ನು ಬೋಗುಣಿಯಿಂದ ಎತ್ತದೆ. “ಬಿಸಿನೀರಲ್ಲಿದೆ, ನೋಡು.”