ದೇವರ ಮನೆಯಲ್ಲಿದ್ದ ಕೋರ್ಟಿನ ಕಾಗದ

ಅಂತೂ ನಮ್ಮ ಹೊಲಕ್ಕೆ ಬಾಂದು ಕಲ್ಲು ನೆಟ್ಟರು! ನಾಲ್ಕಲ್ಲ, ಐದು! ಮೊಮ್ಮಗಳು ಒಂದೊಂದು ಕಲ್ಲನ್ನೂ ಮುಟ್ಟಿ ಕುಣಿದಳು, ಅವಳ ಹಿಂದೆ ನಾನೂ. ಇಷ್ಟು ವರ್ಷವಾದರೂ ಆ ದಿನ ನೆನೆದರೆ ನನ್ನ ಬಾಯಿ ಮುಚ್ಚುವುದಿಲ್ಲ.

ಹುಲ್ಲಹಳ್ಳಿ ಹತ್ತಿರದ ಆ ಎರಡು ಎಕರೆ ನಮ್ಮ ಯಜಮಾನರಿಗೆ ಸರ್ಕಾರ ಮಂಜೂರು ಮಾಡಿದ್ದು. ಕಾಗದದಲ್ಲೇನೋ ಎರಡು ಎಕರೆ ಇತ್ತು, ನೆಲದ ಮೇಲೆ ಎಲ್ಲಿಂದ ಎಲ್ಲಿಗೆ ಎಂದು ಯಾರೂ ಅಳೆದು ಕೊಟ್ಟಿರಲಿಲ್ಲ. ಪಕ್ಕದ ಹೊಲದವನು ಪ್ರತಿ ಉಳುಮೆಗೂ ಒಂದು ಸಾಲು ಒಳಗೆ ಬರುತ್ತಿದ್ದ. ಕೇಳಿದರೆ, "ಕಲ್ಲೆಲ್ಲೈತೆ ತೋರ್ಸವ್ವ" ಅನ್ನುತ್ತಿದ್ದ. ಅಳತೆ ಮಾಡಿ ಎಂದು ಅರ್ಜಿ ಕೊಟ್ಟು ಕೊಟ್ಟೇ ಯಜಮಾನರು ತೀರಿಹೋದರು.

ಟಿ. ನರಸೀಪುರದ ಕಡೆ ಕೊಟ್ಟ ನನ್ನ ಅಕ್ಕನದೂ ಇಂಥದೇ ಹೊಲ. ಅವಳು ವಕೀಲರನ್ನು ಹಿಡಿದು ಹೈಕೋರ್ಟಿಗೆ ಅರ್ಜಿ ಹಾಕಿಸಿದಳು. "ಅಳೆಯುವುದು ನಿಮ್ಮ ಕೆಲಸ, ಇಷ್ಟು ದಿನದೊಳಗೆ ಅಳೆದು ಕೊಡಿ" ಎಂದು ಕೋರ್ಟು ಅಧಿಕಾರಿಗಳಿಗೆ ಆಜ್ಞೆ ಮಾಡಿತು. ಅಳತೆಯವರು ಬಂದರು, ನಾಲ್ಕು ಕಲ್ಲು ನಿಂತವು.

ನೋಡಲು ಹೋದೆ. ಅಕ್ಕ ಕಲ್ಲುಗಳಿಗೆ ಸುಣ್ಣ ಬಳಿದು ಕುಂಕುಮ ಇಟ್ಟಿದ್ದಳು. "ನೋಡಮ್ಮಿ, ಜಡ್ಜು ಏಳಿದ್ಮೇಲೆ ಎಂಗ್ ಓಡ್ಕಂಡ್ ಬಂದ್ರು!" ಎಂದಳು. ಅವಳು ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಹುಟ್ಟಿದಾಗಿನಿಂದ ಎಲ್ಲ ಅವಳಿಗೇ ಮೊದಲು. ವಾಲೆ ಅವಳಿಗೆ ಮೊದಲು, ಮದುವೆ ಅವಳಿಗೆ ಮೊದಲು. ಅವಳು ನಾಲ್ಕನೇ ಕ್ಲಾಸು ಓದಿದಳು, ನನ್ನನ್ನು ಎರಡಕ್ಕೇ ಬಿಡಿಸಿದರು. ಈಗ ಕಲ್ಲೂ ಅವಳಿಗೇ ಮೊದಲು! ಬಸ್ಸಿನಲ್ಲಿ ಬರುವಾಗ ರಸ್ತೆ ಬದಿಯ ಮೈಲಿಗಲ್ಲು ಕಂಡರೂ ಹೊಟ್ಟೆ ಉರಿಯುತ್ತಿತ್ತು.

ತಾಂಡ್ಯದ ಫ್ಯಾಕ್ಟರಿಗೆ ಹೋಗುತ್ತಿದ್ದ ಮಗನನ್ನು ಅದೇ ವಕೀಲರ ಹತ್ತಿರ ಅಟ್ಟಿದೆ. "ದೊಡ್ಡವ್ವಂಗೆ ಉಸ್ರು ಬುಟ್ಟೀಯ, ಜ್ವಾಕೆ" ಎಂದೆ. ನೆಟ್ಟ ಮೇಲೆ ಕರೆದು ತೋರಿಸಬೇಕು, ಅವಳ ಮುಖ ನೋಡಬೇಕು ಎಂಬ ಆಸೆ. ನಾಲ್ಕು ಕಲ್ಲು ತರಿಸಿ ಹಿತ್ತಲಲ್ಲಿ ಒರಗಿಸಿಟ್ಟೆ.

ದೀಪಾವಳಿ ಹೊತ್ತಿಗೆ ನಮಗೂ ಕೋರ್ಟಿನ ಆಜ್ಞೆ ಅಂಚೆಯಲ್ಲಿ ಬಂತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ದೇವರ ಪಟದ ಪಕ್ಕ ಇಟ್ಟೆ. "ಆಪೀಸ್ನೋರಿಗೂ ಒಂದು ಓಗಿರ್ತದೆ ಬುಡವ್ವ" ಎಂದ ಮಗ. ಸರಿ, ಅಳತೆಯವರು ಬರುತ್ತಾರೆಂದು ಕಾದೆ. ಯುಗಾದಿ ಹೋಯಿತು, ಗೌರಿ ಹಬ್ಬ ಹೋಯಿತು. ಪಕ್ಕದವನು ಇನ್ನೆರಡು ಸಾಲು ಒಳಗೆ ಬಂದ.

ನಂಜನಗೂಡಿನ ದೇವಸ್ಥಾನಕ್ಕೆ ಬಂದ ಅಕ್ಕ ನಮ್ಮನೆಗೂ ಬಂದಳು. ದೀಪ ಹಚ್ಚಲು ಹೋದವಳು ಕಾಗದ ಎತ್ತಿಕೊಂಡೇ ಹೊರಗೆ ಬಂದಳು.

"ಇದೇನಮ್ಮಿ?"

"ಕೋರ್ಟ್ ಆರ್ಡ್ರು. ನಂಗೂ ಬಂದದೆ."

"ಯಾವಾಗ?"

"ಓದ್ ದೀಪಾವಳೀಲಿ."

ಅಕ್ಕ ನಕ್ಕು ನಕ್ಕು ನೆಲಕ್ಕೆ ಕುಸಿದಳು. "ಅಳತೆಯವ್ರು ನಿನ್ ದ್ಯಾವ್ರ ಮನೇಗ್ ಬಂದು ಓದ್ಕಂಡ್ ಓದಾರಾ? ನಾವೇ ಆಪೀಸ್ಗೆ ತಕ್ಕಂಡೋಗಿ ಕೊಟ್ಟು ಸೀಲ್ ಆಕುಸ್ಕಬೇಕು. ಕೊಟ್ಟ ದಿವ್ಸದಿಂದ್ಲೇ ಗಡುವು. ನನ್ನ ಒಂದ್ ಮಾತ್ ಕೇಳಕಾಗ್ನಿಲ್ವಾ?"

"ನಿನ್ನ ಕೇಳೋದ್ಕಿಂತ ಕಲ್ಲಿಲ್ದೆ ಇರೋದೇ ವಾಸಿ ಅನ್ನುಸ್ತು."

ಅವಳ ನಗು ನಿಂತಿತು. "ಅಷ್ಟು ಒಟ್ಟೆ ಉರಿನೇನಮ್ಮಿ?"

"ಊಂ ಕಣಕ್ಕ" ಎಂದೆ. ಸುಳ್ಳು ಹೇಳಲು ಶಕ್ತಿ ಇರಲಿಲ್ಲ.

ಮಾರನೆಯ ದಿನ ಅವಳೇ ನನ್ನನ್ನು ಅಳತೆಯವರ ಕಚೇರಿಗೆ ಎಳೆದುಕೊಂಡು ಹೋದಳು. ಗುಮಾಸ್ತರು ಬೆರಳು ಒರೆಸಿಕೊಳ್ಳುತ್ತ, "ಏನಜ್ಜಿ, ಆರ್ಡರ್ಗೆ ಅರಿಶಿನ ಬಳ್ದಿದೀರಾ?" ಎಂದರು. "ಪೂಜೆ ಅವ್ಳು ಮಾಡವ್ಳೆ ಸಾ, ಸೀಲು ನೀವಾಕಿ" ಎಂದಳು ಅಕ್ಕ. ಇಷ್ಟು ಚೆನ್ನಾಗಿ ಮಾತಾಡುತ್ತಾಳಲ್ಲ ಎಂದು ಅಲ್ಲೂ ನನಗೆ ಉರಿಯಿತು.

ಗಡುವಿನೊಳಗೇ ಅಳತೆಯವರು ಸರಪಳಿ ಹಿಡಿದು ಬಂದರು. ಪಕ್ಕದವನು ಕೈಕಟ್ಟಿ ನಿಂತ. ಅವನ ಸಾಲುಗಳೆಲ್ಲ ನಮ್ಮ ಕಡೆಗೇ ಬಿದ್ದವು. ಆದರೆ ನಾಲ್ಕು ಕಲ್ಲು ಸಾಲಲಿಲ್ಲ. ನಮ್ಮ ಹೊಲ ಮೂಡಲಕ್ಕೆ ಸೊಟ್ಟ, ಐದು ಮೂಲೆ. ಅಕ್ಕನಿಗೆ ನಾಲ್ಕು ಎಂದು ನಾನೂ ನಾಲ್ಕೇ ತರಿಸಿದ್ದೆ! ಮಗ ಓಡಿಹೋಗಿ ಬಟ್ಟೆ ಒಗೆಯುವ ಕಲ್ಲನ್ನೇ ಕಿತ್ತು ಗಾಡಿಯಲ್ಲಿ ಹಾಕಿಕೊಂಡು ಬಂದ. "ಬಟ್ಟೆ ಎಲ್ಲೊಗೀಲಿ ಅತ್ತೆ?" ಎಂದು ಸೊಸೆ ಹಿಂದೆಯೇ ಬಂದಳು. "ಇಲ್ಲೇ ಬಂದು ಒಗಿ, ನಮ್ದೇ ಜಮೀನು!" ಎಂದೆ.

ಆ ಸಂಜೆ ಕೋಳಿ ಸಾರು, ಮುದ್ದೆ. ಅಕ್ಕನ ಮನೆಯವರನ್ನೂ ಕರೆಸಿದ್ದೆ, ನಡುಮನೆ ತುಂಬ ಜನ. "ನಂದು ಐದು ಕಣಕ್ಕ" ಎಂದು ಅವಳ ತಟ್ಟೆಗೆ ಕೋಳಿ ಕಾಲು ಹಾಕಿದೆ. ಅಕ್ಕ ತಲೆ ಎತ್ತಲಿಲ್ಲ, ಮುದ್ದೆಯನ್ನು ಯಾಕೋ ಜೋರಾಗಿ ಹಿಚುಕಿದಳು.

"ಸೊಟ್ಟ ಒಲಕ್ಕೇ ಕಣಮ್ಮಿ ಐದು ಕಲ್ಲು" ಎಂದಳು.

ಎಲ್ಲರೂ ನಕ್ಕರು. ನಾನು ಅವಳಿಗೆ ಇನ್ನೊಂದು ಮುದ್ದೆ ಬಡಿಸಿ, ಪಕ್ಕದಲ್ಲೇ ತಟ್ಟೆ ಹಾಕಿಕೊಂಡು ಕುಳಿತೆ.