ಬೇಡ, ಬೇಡಿ

ನಮ್ಮತ್ತೆಗೆ ಬೀದಿಯವರು ಇಟ್ಟ ಹೆಸರು ಕಾಜಾ ಅತ್ತೆ. ಅಂಗಿಯ ಗುಂಡಿ ತೂರುವ ಕಂಡಿಗೆ ದರ್ಜಿಗಳು ಕಾಜಾ ಎನ್ನುತ್ತಾರೆ. ಅದನ್ನು ಕೈಯಲ್ಲಿ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಓದಿದ್ದು ಎರಡನೇ ಕ್ಲಾಸು. ಅಜ್ಜಿ ಬೇಗ ತೀರಿಹೋದದ್ದರಿಂದ ತಮ್ಮನನ್ನು, ಅಂದರೆ ನಮ್ಮಪ್ಪನನ್ನು, ಸೊಂಟದ ಮೇಲೆ ಹೊತ್ತುಕೊಂಡು ಶಾಲೆ ಬಿಟ್ಟಳು. ಅಪ್ಪ ಓದಿ ಸರ್ಕಾರಿ ಕೆಲಸ ಹಿಡಿದ. ಅತ್ತೆ ಕೆಳಗಿನ ಕೋಣೆಯಲ್ಲಿ ಮಷಿನ್ ತುಳಿಯುತ್ತ ಉಳಿದಳು, ನಾವು ಮೇಲಿನ ಮಹಡಿಯಲ್ಲಿದ್ದೆವು. ನಾನು ಅವಳ ಹತ್ತಿರವೇ ಕೆಲಸ ಕಲಿತೆ, ದಿನಾ ಬೈಸಿಕೊಂಡು ಕಲಿತೆ.

ಅಪ್ಪನ ಕೆಲಸ ಊರ ಹೊರಗಿನ ಆಯುಧದ ಉಗ್ರಾಣದ ಗೇಟು ಕಾಯುವುದು. ಒಳಗಿರುವುದು ಅಣುಬಾಂಬು ಎಂದು ಎಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳುವವರು ಮಾತ್ರ ಯಾರೂ ಇರಲಿಲ್ಲ. ಈಗಲೂ ಅವು ಅಲ್ಲೇ ಇವೆ.

ಒಂದು ಭಾನುವಾರ ಪ್ರಾರ್ಥನೆಯ ಹಾಲಿಗೆ ದೂರದೇಶದ ವಯಸ್ಸಾದ ಹೆಂಗಸೊಬ್ಬರು ಬಂದಿದ್ದರು. ಚಿಕ್ಕ ಹುಡುಗಿಯಾಗಿದ್ದಾಗ ಅವರ ಊರಿನ ಮೇಲೆ ಆ ಬಾಂಬು ಬಿದ್ದಿತ್ತಂತೆ. ಅತ್ತೆ ಅಲ್ಲಿಗೆ ಹೋಗಿದ್ದು ಕಿಟಕಿಯ ಪರದೆ ಕೊಡುವುದಕ್ಕೆ, ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇತ್ತು. ಮಾತು ಮುಗಿದ ಮೇಲೆ ಅವರು ಹೆಂಗಸರಿಗಷ್ಟೇ ತಮ್ಮ ಬೆನ್ನು ತೋರಿಸಿದರು. ಅವತ್ತು ತೊಟ್ಟಿದ್ದ ಬಟ್ಟೆಯ ಕಪ್ಪು ಚೌಕಳಿ ಬಾಂಬಿನ ಬಿಸಿಗೆ ಚರ್ಮದ ಮೇಲೆ ಅಚ್ಚೊತ್ತಿ ಕೂತಿತ್ತು. ಬಟ್ಟೆ ಬೂದಿಯಾಗಿ ಎಷ್ಟೋ ವರ್ಷವಾಗಿತ್ತು, ಚೌಕಳಿ ಹೋಗಿರಲಿಲ್ಲ. ಪಕ್ಕದಲ್ಲಿದ್ದ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅತ್ತೆ ಮೆಲ್ಲಗೆ ಬೆರಳಿಟ್ಟು ಹೊಲಿಗೆ ಬಂದಿದ್ದ ಜಾಗ ಹುಡುಕಿದಳು. ಭುಜದ ಹತ್ತಿರ ಗೆರೆಗೆ ಗೆರೆ ಸರಿಯಾಗಿ ಕೂಡಿತ್ತು.

“ಎಷ್ಟು ನೀಟಾಗಿ ಹೊಲಿದಿದ್ದಾರೆ. ಯಾರು?” ಎಂದು ಕೇಳಿದಳು.

ಜೊತೆಗಿದ್ದವರು ಅದನ್ನು ಅವರ ಭಾಷೆಗೆ ತಿರುಗಿಸಿದರು. “ಅಮ್ಮ ಹೊಲಿದಿದ್ದಂತೆ,” ಎಂದು ಉತ್ತರ ಬಂತು.

ಆ ವಾರದಿಂದಲೇ ಅತ್ತೆ ಉಗ್ರಾಣದ ಗೇಟಿನ ಮುಂದೆ ಹೋಗಿ ಕೂರತೊಡಗಿದಳು. ಅಲ್ಲಿ ಆಗಲೇ ಒಬ್ಬ ಸನ್ಯಾಸಿನಿ, ಒಬ್ಬ ಪಾದ್ರಿ, ಒಬ್ಬ ಮೌಲ್ವಿ ಪ್ರತಿ ಶನಿವಾರ ಬೆಳಗ್ಗೆ ಒಂದು ಗಂಟೆ ಮೌನವಾಗಿ ಕೂರುತ್ತಿದ್ದರು. ಮೂವರ ದೇವರು ಬೇರೆ ಬೇರೆ, ಚಾಪೆ ಒಂದೇ. ಅತ್ತೆ ಆ ಚಾಪೆಯ ತುದಿಯಲ್ಲಿ ಜಾಗ ಮಾಡಿಕೊಂಡಳು.

ಅಪ್ಪನಿಗೆ ತಲೆ ಎತ್ತಿ ಓಡಾಡುವುದು ಕಷ್ಟವಾಯಿತು. “ತಿನ್ನೋ ಅನ್ನಕ್ಕೆ ಕಲ್ಲು ಹಾಕ್ತಿದ್ದಾಳೆ,” ಎಂದು ಮಾತು ಬಿಟ್ಟ. ಬಿಟ್ಟವನು ಒಂಬತ್ತು ವರ್ಷ ಬಿಟ್ಟ. ಹಾಗಿದ್ದರೂ ಅವನ ಯೂನಿಫಾರಂ ಹೊಲಿಯುತ್ತಿದ್ದವಳು ಅತ್ತೆಯೇ. “ಸೊಂಟ ಬಿಗಿಯಾಯ್ತು ಅಂತ ಹೇಳು ಅವಳಿಗೆ.” “ಹೊಟ್ಟೆ ಇಳಿಸು ಅಂತ ಹೇಳು ಅವನಿಗೆ.” ಮಹಡಿ ಮೆಟ್ಟಿಲು ಹತ್ತಿ ಇಳಿದು ನನ್ನ ಮಂಡಿ ಸವೆಯಿತು. ಇಬ್ಬರ ತಲೆಗೂ ಒಂದೊಂದು ಮೊಟಕೋಣ ಅನ್ನಿಸುತ್ತಿತ್ತು.

“ಬಾಂಬು ಹೋಗೋದನ್ನ ನಾನಂತೂ ನೋಡಲ್ಲ,” ಎಂದಳು ಅತ್ತೆ ಒಮ್ಮೆ, ಸೂಜಿಗೆ ದಾರ ಪೋಣಿಸುತ್ತ. “ಅವನು ಒಂದ್ಸಲ ಅಕ್ಕ ಅಂದ್ರೆ ಸಾಕು ಕಣೇ.”

“ಹಾಗಾದ್ರೆ ಅಲ್ಲಿಗೆ ಹೋಗೋದು ನಿಲ್ಲಿಸು.”

“ಅದಾಗಲ್ಲ.”

ಹತ್ತನೇ ವರ್ಷ ಒಂದು ಬ್ಯಾನರ್ ಬೇಕೆಂದಾಯಿತು. ಬಿಳಿ ಬಟ್ಟೆಯ ಮೇಲೆ ಕೆಂಪು ಬಟ್ಟೆಯ ಅಕ್ಷರ ಕತ್ತರಿಸಿ ಹೊಲಿಯುವ ಕೆಲಸ ಅತ್ತೆಯದು. ಬರೆಯಬೇಕಾದ್ದು ಎರಡೇ ಮಾತು: ಅಣುಬಾಂಬು ಬೇಡ. “ಹೇಳೋದನ್ನ ಮರ್ಯಾದೆಯಿಂದ ಹೇಳೋಣ,” ಎಂದೂ ಸನ್ಯಾಸಿನಿ ಸೇರಿಸಿದ್ದರು. ನಾನು ಆ ವಾರ ಜ್ವರ ಬಂದು ಮಲಗಿದ್ದೆ, ಇಲ್ಲದಿದ್ದರೆ ಒಮ್ಮೆ ಕಣ್ಣಾಡಿಸುತ್ತಿದ್ದೆ.

ಶನಿವಾರ ಬೆಳಗ್ಗೆ ಅಪ್ಪ ತಿಂಡಿ ಮುಟ್ಟಲಿಲ್ಲ. ಹೊಸದಾಗಿ ಬಂದ ಸಾಹೇಬರು, ಕೂತವರನ್ನು ಹತ್ತು ಗಂಟೆಗೆ ಎಳೆದು ಹಾಕಿ ಎಂದು ಹೇಳಿದ್ದರಂತೆ. ಕೇಳಿದ್ದೇ ನಾನು ಚಪ್ಪಲಿ ಮೆಟ್ಟಿ ಓಡಿದೆ. ಅಷ್ಟರಲ್ಲಿ ಅತ್ತೆ ಎಲ್ಲರಿಗಿಂತ ಮೊದಲೇ ಬಂದು ಬ್ಯಾನರನ್ನು ಗೇಟಿಗೆ ಮುಖ ಮಾಡಿ ಎರಡು ಕಂಬಕ್ಕೆ ಕಟ್ಟಿದ್ದಳು. ಅದಕ್ಕೆ ಬೆನ್ನು ಹಾಕಿ ನಾಲ್ವರೂ ತಲೆ ತಗ್ಗಿಸಿ ಕೂತಿದ್ದರು. ನಾನೂ ಕೂತೆ. ಗೇಟಿನ ಮೇಲಿಂದ ಕಣ್ಣು ಕೀಳಲು ನನಗೆ ಧೈರ್ಯವಿರಲಿಲ್ಲ.

ಹತ್ತಕ್ಕೆ ಗೇಟು ತೆರೆಯಿತು. ಅಪ್ಪನೊಬ್ಬನೇ ಬೆತ್ತ ಹಿಡಿದು ನಡೆದು ಬಂದ. ಹಿಂದೆ ಉಳಿದ ಕಾವಲಿನವರು ಯಾಕೋ ಕಿಸಿಕಿಸಿ ನಗುತ್ತಿದ್ದರು. ಅತ್ತೆ ಕಣ್ಣು ಮುಚ್ಚಿಕೊಂಡಳು.

“ಅಕ್ಕ,” ಎಂದ ಅಪ್ಪ.

ಅತ್ತೆ ಕಣ್ಣು ಬಿಡಲಿಲ್ಲ.

“ಅಕ್ಕ, ಅದು ತಪ್ಪಾಗಿದೆ.”

“ಏನು ತಪ್ಪು? ಸುಮ್ಮನೆ ಕೂತಿದ್ದೀವಲ್ಲ.”

“ಕೂತಿದ್ದಲ್ಲ, ಬರೆದಿದ್ದು. ಅಣುಬಾಂಬು ಬೇಡಿ ಅಂತ ಇದೆ.”

“ಮತ್ತೆ ಇನ್ನೇನು? ಮಾಡಬೇಡ ಅಂದ್ರೆ ಏಕವಚನ, ಮಾಡಬೇಡಿ ಅಂದ್ರೆ ಬಹುವಚನ. ನಿಮ್ಮ ಸಾಹೇಬ್ರಿಗೆ ಮರ್ಯಾದೆ ಕೊಟ್ಟಿದ್ದೀನಿ.”

“ಅಯ್ಯೋ ನಮ್ಮಕ್ಕ. ಬರೀ ಬೇಡಿ ಅಂದ್ರೆ ಕೈಚಾಚಿ ಕೇಳಿ ಅಂತ. ಬಾಂಬು ಕೊಡಪ್ಪಾ ಅಂತ ದೇವರನ್ನ ಬೇಡ್ಕೊಳ್ಳಿ ಅಂತ ಹೊಲಿದಿದ್ದೀಯ. ಒಳಗೆ ಎಲ್ಲಾ ಬಿದ್ದು ಬಿದ್ದು ನಗ್ತಿದ್ದಾರೆ. ನಿನ್ನನ್ನ ನೋಡಿ ನಗೋದು ನನಗೆ ಸಹಿಸಕ್ಕಾಗಲಿಲ್ಲ.”

ಮೌಲ್ವಿಗಳು ತಿರುಗಿ ಓದಿ ಬಾಯಿಗೆ ಕೈ ಅಡ್ಡ ಹಿಡಿದರು. ಪಾದ್ರಿಗಳ ಭುಜ ಕುಣಿಯುತ್ತಿತ್ತು. ಅತ್ತೆಯ ಮುಖ ಮಾತ್ರ ಬಾಡಿತು. “ಒಂದು ಬೇಡ ಅನ್ನಕ್ಕೂ ಬರಲಿಲ್ವಲ್ಲೋ ನನಗೆ,” ಎಂದು ಕಣ್ಣೊರೆಸಿಕೊಂಡಳು.

“ಜಾಸ್ತಿ ಆಗಿರೋದು ಒಂದು ಗುಡಿಸು ತಾನೇ? ಗುಡಿಸಿ ಹಾಕಿದ್ರಾಯ್ತು. ಕತ್ತರಿ ಕೊಡು.”

ಅಪ್ಪ ಬೆತ್ತ ಕೆಳಗಿಟ್ಟು, ಬ್ಯಾನರ್ ಬಿಚ್ಚಿ ತೊಡೆಯ ಮೇಲೆ ಹರವಿಕೊಂಡು ಚಾಪೆಯ ಮೇಲೆ ಕೂತ. ಅತ್ತೆಯ ಹೊಲಿಗೆ ಬಿಚ್ಚುವುದು ಹುಡುಗಾಟವಲ್ಲ, ಒಂದೊಂದೇ ಎಳೆ ಕತ್ತರಿಸಿ ಗುಡಿಸು ಕಿತ್ತ. ಅದೇ ಚೂರನ್ನು ಅತ್ತೆ ತಲೆಕಟ್ಟಿನ ಅಳತೆಗೆ ಕತ್ತರಿಸಿಕೊಂಡಳು. ಹುಟ್ಟಿದಾಗಿನಿಂದ ನಾನು ಆ ಉಗ್ರಾಣದ ಗೋಡೆಗೆ ಹೆದರಿಯೇ ಬೆಳೆದವಳು. ಒಂದು ಊರನ್ನೇ ಕಣ್ಣು ಮಿಟುಕಿಸುವಷ್ಟರಲ್ಲಿ ಇಲ್ಲವಾಗಿಸುವುದು ಅದರ ಹಿಂದೆ ಇತ್ತು. ಅದರ ಮುಂದೆ ಯೂನಿಫಾರಂ ತೊಟ್ಟ ನಮ್ಮಪ್ಪ ಅಕ್ಕನಿಗೆ ಬಟ್ಟೆ ಬಿಗಿಯಾಗಿ ಹಿಡಿದುಕೊಟ್ಟು ಕೂತಿದ್ದ. ಅಷ್ಟು ದೊಡ್ಡದನ್ನು ನಾನು ಮತ್ತೆಂದೂ ನೋಡಿಲ್ಲ.

ಸಾಹೇಬರು ಗೇಟಿನವರೆಗೆ ಬಂದು ಗದರಿದರು. “ಏನ್ರೀ, ಎಬ್ಬಿಸಿ ಅಂತ ಕಳಿಸಿದ್ರೆ ನೀವೇ ಕೂತಿದ್ದೀರಾ? ಬನ್ನಿ ಒಳಗೆ.”

ಅಪ್ಪ ಬಟ್ಟೆ ಬಿಡಲಿಲ್ಲ.

“ಇನ್ನೊಂದು ಅಕ್ಷರ ಬಾಕಿ ಇದೆ ಸಾರ್,” ಎಂದ. “ನಮ್ಮಕ್ಕ ಹೊಲೀತಿದ್ದಾಳೆ.”